ಕೌದಿಯ ಭಾರ

ನಿಲೋಫರ ಮುರುಕು ಗೋಡೆಯ ಮರೆಯಿಂದ ಹೊರಬಂದು ಗುರಿ ಇಟ್ಟಿದ್ದಳು. ಅಷ್ಟರಲ್ಲಿ ಮೊಬೈಲಿನ ಪರದೆಯ ಮೇಲಿದ್ದವರೆಲ್ಲ ನಿಂತಲ್ಲೇ ನಿಂತುಬಿಟ್ಟರು. ನೆಟ್ ಮರಳಿ ಬರುವ ಹೊತ್ತಿಗೆ ಆಟದಲ್ಲಿ ಅವಳು ಸತ್ತು ಬಿದ್ದಿದ್ದಳು. ತಂಡದ ನಾಯಕಿ ಶೈಲಶ್ರೀ ನರಗುಂದದಿಂದ ಆಡುತ್ತಿದ್ದಳು. ಅವಳ ಬೇಸರದ ದನಿ ಕಿವಿಗೆ ಬಿತ್ತು: “ಅಕ್ಕಾ, ದಿನಾ ಹಿಂಗಾದ್ರ ಹ್ಯಾಂಗ್ರಿ? ನಾಳೆ ಸಂಜಿ ಪಂದ್ಯದಾಗೂ ನಡುವ ಮಾಯ ಆದ್ರ ನಾವೆಲ್ಲಾ ಹೊರಗ. ಆಗೂದಿಲ್ಲಂದ್ರ ಈಗ ಹೇಳ್ರಿ, ಬ್ಯಾರೆಯವರನ್ನ ನೋಡ್ತೀನಿ.”

ಉತ್ತರ ಹೊರಡುವ ಮೊದಲೇ ನೆಟ್ ಮತ್ತೆ ಹೋಯಿತು, ಪಡಸಾಲೆಯಿಂದ ಅತ್ತೆ ಬಾನುಬಿಯ ಕೂಗು ಕೇಳಿಸಿತು. ಅದೇ ನೆಟ್ಟಿನ ಮೇಲೆ ಟಿವಿಯಲ್ಲಿ ಕೊಲ್ಲಾಪುರದ ಕಡೆಯ ಕುಸ್ತಿ ಲೈವ್ ಬರುತ್ತಿತ್ತು. ಒಬ್ಬ ಪೈಲ್ವಾನ ಇನ್ನೊಬ್ಬನನ್ನು ಮೇಲಕ್ಕೆತ್ತಿದ್ದ. ಎತ್ತಿದವನು ಎತ್ತಿದಂತೆಯೇ ಉಳಿದಿದ್ದ.

“ಒಗದನೋ ಇಲ್ಲೋ, ಯಾರ್ನ ಕೇಳ್ಲಿ ನಾ? ಆ ದ್ಯಾಮೇಶನ್ನ ಕರೀ. ಬಿಡೂದಿಲ್ಲ ಅವನ್ನ!”

ನೆಟ್ ಕಂಪನಿಯ ದ್ಯಾಮೇಶ ಮರುದಿನ ಬೆಳಿಗ್ಗೆ ಬಂದ. ರೌಟರಿನ ಎಲ್ಲ ದೀಪಗಳೂ ಹಸಿರಾಗಿ ಉರಿಯುತ್ತಿದ್ದವು. “ಚಲೋ ಐತಲ್ರಿ ಅಮ್ಮಾರ” ಎಂದ. ಅಷ್ಟೇ ಸಾಕಾಯಿತು. “ನೀ ಬಂದಾಗ ಚಲೋನ ಇರ್ತೈತಿ. ನೀ ಗಾಡಿ ಹೊಳ್ಳಿಸಿದ ಕೂಡ್ಲೇ ಸಾಯ್ತೈತಿ. ಈ ಕೆಲಸಾ ಬರದಿದ್ರ ಬ್ಯಾರೆ ನೋಡ್ಕೋ!” ಬಾನುಬಿಯ ದನಿಗೆ ಗಜೇಂದ್ರಗಡದ ಆ ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತು. ದ್ಯಾಮೇಶ ತಲೆ ತಗ್ಗಿಸಿದ. “ಸಂಜಿಗೆ ಹೊಸಾ ರೌಟರ್ ತಂದು ಹಾಕ್ತೀನ್ರಿ” ಎಂದು ಹೊರಟುಹೋದ.

ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿಗೆ ಒಂದು ದೀಪ ಮತ್ತೆ ಕೆಂಪಾಯಿತು. ಈ ಸಲ ನಿಲೋಫರ ಮೊಬೈಲ್ ಹಿಡಿದು ಕೂರಲಿಲ್ಲ. ರೌಟರಿನಿಂದ ಕಿಟಕಿಯಾಚೆ ಹೊರಟ ಕಪ್ಪು ತಂತಿಯ ಜಾಡು ಹಿಡಿದು ಮಾಳಿಗೆ ಹತ್ತಿದಳು. ಅಲ್ಲಿ ಆ ತಂತಿಯ ಮೇಲೆಯೇ ಎರಡು ಕೌದಿ ನೀರು ತೊಟ್ಟಿಕ್ಕಿಸುತ್ತ ಜೋತಾಡುತ್ತಿದ್ದವು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊಲಿಯುವುದರಲ್ಲಿ ಬಾನುಬಿಯದು ಎತ್ತಿದ ಕೈ. ಹೊಲಿದು ಮುಗಿಸಿದ್ದನ್ನು ತೊಳೆದು ಮಧ್ಯಾಹ್ನದ ಬಿಸಿಲಿಗೆ ಹಾಕುವುದು ರೂಢಿ. ಹಳೆಯ ಹಗ್ಗ ಹರಿದ ಮೇಲೆ ಕೈಗೆ ಸಿಕ್ಕ ತಂತಿ ಇದೇ. ಅದು ಭಾರಕ್ಕೆ ಜಗ್ಗಿ, ಗೋಡೆಯ ಮೊಳೆಯ ಹತ್ತಿರ ಕೊಕ್ಕೆಯಂತೆ ಮಡಚಿಕೊಂಡಿತ್ತು.

ನಿಲೋಫರ ಕೌದಿಗಳ ಅಡಿಗೆ ಹೆಗಲು ಕೊಟ್ಟು ಭಾರವನ್ನೆಲ್ಲ ಎತ್ತಿದಳು. ಕೆಳಗೆ ಟಿವಿ ಮಾತಾಡತೊಡಗಿತು.

“ಬಂತು!” ಬಾನುಬಿ ಕೂಗಿದಳು.

ನಿಲೋಫರ ಹೆಗಲು ಇಳಿಸಿದಳು.

“ಹೋತು!”

ಮತ್ತೆ ಎತ್ತಿದಳು.

“ಬಂತು, ಬಂತು! ಏ ನಿಲೋಫರ, ಬಾ ಇಲ್ಲೆ, ಬಂತು!”

ನಿಲೋಫರ ಮಾಳಿಗೆಯ ಮೇಲೆ ಒಬ್ಬಳೇ ನಿಂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಗು ಇಳಿದ ಮೇಲೆ ಯೋಚನೆ ಹತ್ತಿತು. ಇದನ್ನು ಅತ್ತೆಗೆ ಹೇಳುವುದು ಹೇಗೆ? ಮನೆಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಗಂಡನಿಗೆ ಹೇಳೋಣವೆಂದರೆ ಇಲಿಯಾಸ ಚಪ್ಪಲಿ ಅಂಗಡಿಯಲ್ಲಿದ್ದ, ಅಲ್ಲದೆ ತಾಯಿಯ ಮುಂದೆ ಅವನಿಗೆ ಬಾಯಿಯೇ ಇರಲಿಲ್ಲ. ಕೊನೆಗೆ ಕೆಳಗಿನಿಂದ ಹಗ್ಗ ತಂದು ನೀರಿನ ಟಾಕಿಯಿಂದ ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಬಿಗಿದು ಕಟ್ಟಿದಳು. ಕೌದಿಗಳನ್ನು ಅದರ ಮೇಲೆ ಹಾಕಿ, ತಂತಿಯನ್ನು ಮೊಳೆಯಿಂದ ಬಿಡಿಸಿ, ಮೆಲ್ಲಗೆ ನೇರ ಮಾಡಿ, ಏನೂ ಗೊತ್ತಿಲ್ಲದವಳಂತೆ ಇಳಿದು ಬಂದಳು.

ಬಿಸಿಲು ತಗ್ಗಿದ ಮೇಲೆ ಕೌದಿ ತರಲು ಹೋದ ಬಾನುಬಿ ಬಹಳ ಹೊತ್ತು ಇಳಿಯಲಿಲ್ಲ. ಇಳಿದಾಗ ಮುಖ ಗಂಭೀರವಾಗಿತ್ತು.

“ಹಗ್ಗ ನೀ ಕಟ್ಟಿದ್ಯಾ?”

“ಹೌದ್ರಿ ಅಮ್ಮಾ. ಅಲ್ಲಿ ಬಿಸಲು ಚಲೋ ಬೀಳ್ತೈತಿ.”

“ಬಿಸಲು” ಎಂದಳು ಬಾನುಬಿ, ಸೊಸೆಯ ಮುಖವನ್ನೇ ನೋಡುತ್ತ.

ಅಷ್ಟರಲ್ಲಿ ದ್ಯಾಮೇಶನ ಗಾಡಿ ಬಾಗಿಲಲ್ಲಿ ನಿಂತಿತು. ಬಗಲಲ್ಲಿ ಹೊಸ ರೌಟರಿನ ಡಬ್ಬಿ, ಮುಖದಲ್ಲಿ ಇನ್ನೊಂದು ಸುತ್ತು ಬೈಗುಳಕ್ಕೆ ತಯಾರಾದ ಕಳೆ.

“ಅದನ್ನ ಬಿಚ್ಚಬ್ಯಾಡ ತಮ್ಮಾ” ಎಂದಳು ಬಾನುಬಿ. “ನಿನ್ನ ತಂತಿ ಮ್ಯಾಲ ಕೌದಿ ಹಾಕಿದಾಕಿ ನಾನು. ಬೈಸ್ಕೊಂಡಾಂವ ನೀನು. ತಪ್ಪಾತು. ಬಾ, ಚಾ ಕುಡದು ಹೋಗು.” ದನಿ ಬೆಳಿಗ್ಗೆಯಷ್ಟೇ ದೊಡ್ಡದಿತ್ತು. ಓಣಿಯ ಬಾಗಿಲುಗಳು ಇದನ್ನೂ ಕೇಳಿಸಿಕೊಂಡವು.

ಪಂದ್ಯ ಶುರುವಾಯಿತು. ನೆಟ್ ಒಂದು ಸಲವೂ ಅಲುಗಲಿಲ್ಲ. ಆದರೆ ಎದುರಿನವರು ಗಟ್ಟಿಗರು. ಜೊತೆಯವರು ಒಬ್ಬೊಬ್ಬರಾಗಿ ಬಿದ್ದರು, ಶೈಲಶ್ರೀಯೂ ಬಿದ್ದಳು. ಕೊನೆಗೆ ಉಳಿದವಳು ನಿಲೋಫರ ಒಬ್ಬಳೇ. ಪಕ್ಕದಲ್ಲಿ ಯಾರೋ ಕೂತಂತಾಯಿತು. ಪಡಸಾಲೆಯ ಟಿವಿ ಸುಮ್ಮನಿತ್ತು.

“ಕುಸ್ತಿ ಬರಾಕತ್ತಿಲ್ಲೇನ್ರಿ ಅಮ್ಮಾ?”

“ಬರಾಕತ್ತಿತ್ತು. ನಾನಽ ಬಂದ್ ಮಾಡೇನಿ. ಇದ್ರಾಗ ನೀ ಯಾವಾಕಿ?”

“ಈ ಕೆಂಪ ಅಂಗೀದಾಕಿ.”

“ಎದುರಿಗೆ?”

“ಇನ್ನೂ ಇಬ್ರು ಉಳದಾರ್ರಿ.”

“ಗಂಡಸ್ರು?”

“ಇಲ್ಲಿ ಗೊತ್ತಾಗೂದಿಲ್ರಿ. ಅವ್ರಿಗೂ ನಾ ಯಾರಂತ ಗೊತ್ತಿಲ್ಲ.”

ಬಾನುಬಿ ಕೆಂಪು ಅಂಗಿಯವಳನ್ನು ಸ್ವಲ್ಪ ಹೊತ್ತು ದಿಟ್ಟಿಸಿದಳು. ಆಮೇಲೆ ಸರಿದು, ಸೊಸೆಯ ಹೆಗಲಿಗೆ ಹೆಗಲು ತಾಗುವಂತೆ ಕೂತಳು.

“ನಮ್ಮಪ್ಪ ಪೈಲ್ವಾನ ಇದ್ದ. ಗರಡಿ ಮನಿ ಹೊಸ್ತಿಲಾ ದಾಟಾಕ ನನಗ ಒಂದ್ ದಿನಾ ಬಿಡಲಿಲ್ಲ. ನೀ ಒಳಗಽ ಅದಿ. ಹೊಡಿ.”