ಎದುರುಮನೆಗೆ ಹೋದ ಕೇಪಳ

ಬೇಸರವಾದರೆ ಗಿಡಗಳು ಎದ್ದು ಹೋಗುವುದು ಊರಿಗೇನೂ ಹೊಸದಲ್ಲ. ಆದರೂ ತನ್ನ ಕೇಪಳದ ಗಿಡ ರಸ್ತೆ ದಾಟಿ ಎದುರುಮನೆಯ ಐಸಮ್ಮನ ಅಂಗಳದಲ್ಲಿ ಬೇರೂರಿದ್ದು ಕಂಡು ಜೆಸಿಂತಾಬಾಯಿಗೆ ಮೈಯೆಲ್ಲ ಉರಿಯಿತು. ಹಿಂದಿನ ದಿನವಷ್ಟೇ ತಾವೇ ಅದನ್ನು ಹೋಟೆಲಿನ ಬೇಲಿಯಂತೆ ಚೌಕಾಕಾರಕ್ಕೆ ಕತ್ತರಿಸಿದ್ದರು. ಕೆಂಪು ಹೂಗೊಂಚಲೆಲ್ಲ ನೆಲದ ಪಾಲಾಗಿತ್ತು.

ನೇರ ಹೋಗಿ ಗೇಟು ಬಡಿದರು. “ನನ್ನ ಗಿಡಕ್ಕೆ ಎಂತ ಹೇಳಿ ಮರುಳು ಮಾಡಿದ್ದು?”

“ನಾನು ಕರೆದದ್ದಲ್ಲ ಮಾರಾಯ್ತಿ. ಬೆಳಿಗ್ಗೆ ಬಸ್ಸಿನವನೇ ನಿಲ್ಲಿಸಿ ದಾಟಿಸಿದ್ದು,” ಎಂದರು ಐಸಮ್ಮ.

ಜೆಸಿಂತಾಬಾಯಿ ಕೊಂಬೆ ಹಿಡಿದು ಎಳೆದರು. ಒಳಗಿಂದ ಪಿಕಳಾರ ಹಕ್ಕಿಯೊಂದು ಬೈಯುತ್ತ ಹಾರಿತು. ಎಲೆ ಸರಿಸಿ ನೋಡಿದರೆ ಗೂಡು, ಗೂಡಿನಲ್ಲಿ ಮೊಟ್ಟೆ. ಕತ್ತರಿಯೇಟು ಗೂಡಿನಿಂದ ಬೆರಳಗಲ ದೂರದಲ್ಲಿ ನಿಂತಿತ್ತು. ಅವರ ಹಿಡಿತ ಸಡಿಲವಾಯಿತು.

“ಅಯ್ಯೋ, ನಾನು ನೋಡಲೇ ಇಲ್ಲ,” ಎಂದು ಗಿಡಕ್ಕೇ ಹೇಳಿದರು. ಗಿಡ ಅಲುಗಲಿಲ್ಲ.

“ಮರಿ ಹಾರುವವರೆಗೆ ಅದು ಬರುದಿಲ್ಲ. ಅಲ್ಲಿಗೆ ಗಿಡ ನನ್ನದಾಯ್ತಲ್ಲ?” ಐಸಮ್ಮ ನಕ್ಕರು.

“ಗಿಡ ನನ್ನದೇ. ನಿನ್ನಲ್ಲಿಗೆ ಬಾಣಂತನಕ್ಕೆ ಬಂದದ್ದು, ಅಷ್ಟೆ,” ಎಂದ ಜೆಸಿಂತಾಬಾಯಿ, ಅದಕ್ಕೆ ನೀರು ತರಲು ಐಸಮ್ಮನ ಬಾವಿಯತ್ತ ನಡೆದರು.