ತಂಪಿನ ಖಾನೆ

"ಇದರಾಗ ತಂಪ ಹಿಡಿಯೂವಂಥಾ ಬ್ಯಾರೆ ಖಾನಿ ಐತೇನ್ರಿ?" ಎಂದು ಅನುಸೂಯಾ ಕೇಳಿದಾಗ, ನಿಪ್ಪಾಣಿಯ ಬ್ಯಾಗಿನ ಅಂಗಡಿಯವನಿಗೆ ಅರ್ಥವಾಗಲಿಲ್ಲ.

"ವಿಮಾನದಾಗ ಸೀಟಿನ ಕೆಳಗ ಹಿಡಸತೈತ್ರಿ ಮೇಡಮ್. ಲ್ಯಾಪ್‌ಟಾಪಿಗೆ ಮೆತ್ತನ್ನ ಖಾನಿ ಐತಿ. ತಂಪ ಯಾಕ ಬೇಕ್ರಿ?"

ಅನುಸೂಯಾ ಬ್ಯಾಗಿನ ಜಿಪ್ ಎಳೆಯುತ್ತ ನಿಂತಳು. ಪಶುವೈದ್ಯೆಯಾದ ಅವಳು ಮೂರು ದಿನದ ತರಬೇತಿಗೆ ದೆಹಲಿಗೆ ಹೋಗಬೇಕಿತ್ತು. ಎಳೆಯ ಮಗಳು ಗಂಡನ ಹತ್ತಿರ ಮನೆಯಲ್ಲಿ ಉಳಿಯಲಿದ್ದಳು. ದೆಹಲಿಯಲ್ಲಿ ಎದೆಹಾಲನ್ನು ಸೀಸೆಗಳಲ್ಲಿ ಹಿಡಿದು, ಕೆಡದಂತೆ ಮನೆಗೆ ತರಬೇಕೆಂಬುದು ಅವಳ ಆಸೆ. ಅದನ್ನು ಈ ಅಪರಿಚಿತ ಗಂಡಸಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಹಿಂದೆ ಸ್ಟೂಲಿನ ಮೇಲೆ ಅತ್ತೆ ಹೊಳೆವ್ವ ಕುಳಿತಿದ್ದಳು. ಕೂಸನ್ನು ಬಿಟ್ಟು ಹೋಗಕೂಡದೆಂದು ಹಟ ಹಿಡಿದು ಸೊಸೆಯೊಂದಿಗೆ ಮಾತು ಬಿಟ್ಟಿದ್ದಳು. ಕೂಸಿನ ತಲೆಗೆ ಕುಲಾಯಿ ಕೊಳ್ಳಲೆಂದು ಜೊತೆಗೆ ಬಂದಿದ್ದರೂ ತಮ್ಮೂರು ಅಂಕಲಿಯಿಂದ ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದಳು.

"ಹಾಲಿಗ್ರಿ," ಎಂದಳು ಹೊಳೆವ್ವ. "ಮನ್ಯಾಗ ಮೊಲಿ ಕುಡಿಯೂ ಕೂಸ ಐತಿ."

ಅಂಗಡಿಯವನು ತಲೆ ತಗ್ಗಿಸಿ, ಮೇಲಿನ ಹಲಗೆಯಿಂದ ಇನ್ನೊಂದು ಬ್ಯಾಗ್ ಇಳಿಸಿದ. ಅದರ ಕೆಳಗಿನ ಖಾನೆಗೆ ಒಳಗೆಲ್ಲ ತಂಪು ಹಿಡಿಯುವ ಬೆಳ್ಳಿಬಣ್ಣದ ಹಾಳೆ ಹೊಲಿದಿದ್ದರು. ಹೊಳೆವ್ವ ಎದ್ದು ಬಂದು ಅದರೊಳಗೆ ಕೈಯಾಡಿಸಿದಳು. ಆಮೇಲೆ ಹೆಗಲಪಟ್ಟಿಯನ್ನು ಎರಡು ಸಲ ಜಗ್ಗಿ ನೋಡಿ ಸೊಸೆಯ ಕಡೆ ತಿರುಗಿದಳು.

"ಹೋಗುಮುಂದ ಹಗೂರ ಇರತೈತಿ, ಬರುಮುಂದ ತುಂಬಿರತೈತಿ. ಹಾಕ್ಕೊಂಡ ನೋಡು."