ತರಗತಿಯ ತೊಲೆಗೆ ಕಟ್ಟಿದ ಜೋಲಿ

ಈಗಲೂ ಎಳೆಗೂಸಿನ ಮೈಯಿಂದ ಬಜೆಯ ವಾಸನೆ ಬಂದರೆ ಅಮೃತಹಳ್ಳಿಯ ನಮ್ಮ ಶಾಲೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಎಪ್ಪತ್ತರ ದಶಕದ ಮಾತು. ನಾನು ಮೂರನೇ ಕ್ಲಾಸಿನಲ್ಲಿದ್ದೆ. ಅವ್ವ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ಎಂಟು ತಿಂಗಳ ತಮ್ಮನನ್ನು ನೋಡಿಕೊಳ್ಳಲಿ ಎಂದು ನನ್ನನ್ನು ಶಾಲೆ ಬಿಡಿಸಿದಳು. ವಾರ ಕಳೆದ ಮೇಲೆ, ಧಾರವಾಡದ ಕಡೆಯವರಾದ ನಮ್ಮ ಟೀಚರ್ ಮನೆಗೇ ಬಂದರು.

“ಕೂಸನ್ನೂ ಸಾಲಿಗೆ ಕಳಸ್ರಿ,” ಅಂದರು.

“ಅದು ಅಳ್ತದೆ ಮೇಡಮ್ಮೋರೆ. ಪಾಠ ಎಂಗ್ ಮಾಡ್ತೀರ?”

“ಅತ್ತರ ನಾ ತೂಗ್ತೀನ್ರಿ.”

ಮರುದಿನ ಅವ್ವ ತಾನೇ ಬಂದು, ತನ್ನ ಹಳೆಯ ನೂಲಿನ ಸೀರೆಯಿಂದ ತರಗತಿಯ ತೊಲೆಗೆ ಜೋಲಿ ಕಟ್ಟಿದಳು. ಗಂಟು ಗಟ್ಟಿಯಿದೆಯೇ ಎಂದು ಎರಡು ಸಲ ಜಗ್ಗಿ ನೋಡಿ ತೋಟಕ್ಕೆ ಹೋದಳು. ಟೀಚರ್ ಒಂದು ಕೈಯಲ್ಲಿ ಪುಸ್ತಕ ಹಿಡಿದು, ಇನ್ನೊಂದು ಕೈಯಲ್ಲಿ ಜೋಲಿ ತೂಗುತ್ತಾ ಪಾಠ ಮಾಡಿದರು.

ಮಧ್ಯಾಹ್ನ ಮಗುವಿಗೆ ಹಾಲು ಕುಡಿಸಲು ಬಂದ ಅವ್ವ ಬಾಗಿಲ ಹೊರಗೇ ಕೂತಳು. “ಒಳಗ ಬರ್ರಿ, ಅಲ್ಲಿ ಬಿಸಿಲದ,” ಎಂದು ಟೀಚರ್ ಅವಳನ್ನು ನಮ್ಮ ಹಿಂದಿನ ಸಾಲಿನ ಚಾಪೆಯ ಮೇಲೆ ಕೂರಿಸಿದರು. ಆಮೇಲೆ ನನ್ನನ್ನು ಎಬ್ಬಿಸಿ ಪಾಠ ಓದಲು ಹೇಳಿದರು. ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿಯ ಕಥೆ ಅದು. ಅವ್ವನೆದುರು ನಾನು ಎಂದೂ ಗಟ್ಟಿಯಾಗಿ ಓದಿರಲಿಲ್ಲ. ಮೊದಲ ಸಾಲನ್ನು ತಡವರಿಸುತ್ತ ಓದಿದೆ, ಆಮೇಲೆ ದನಿ ಬಂತು.

ಕಥೆ ಅರ್ಧಕ್ಕೆ ಬಂದಾಗ ತಮ್ಮ ನಿದ್ದೆಹೋದ. ಅವ್ವ ಇನ್ನು ಕೆಲಸಕ್ಕೆ ಹೊರಡುತ್ತಾಳೆಂದು ನಾನು ಓದು ನಿಲ್ಲಿಸಿದೆ. ಅವಳು ಏಳಲಿಲ್ಲ.

“ಆಮ್ಯಾಕೆ ಆ ಮಗೀಗೆ ಏನಾಯ್ತು?” ಅಂದಳು. “ಓದಮ್ಮ.”